ಸೋಲೊ ಒಂದೂವರೆ ನಿಮಿಷ, ಕ್ಲಾಸು ಒಂದೂವರೆ ಗಂಟೆ

ಅಮೆರಿಕದ ಕಾಲೇಜುಗಳಲ್ಲಿ ನೃತ್ಯ ಓದಬೇಕೆನ್ನುವ ಮಕ್ಕಳು ಆರು ತಿಂಗಳು ಒಂದೇ ಸೋಲೊ (ಒಬ್ಬರೇ ಕುಣಿಯುವ ತುಣುಕು) ಹಿಡಿದು ತಿದ್ದಿ ತೀಡುತ್ತಾರೆ. ಆಡಿಷನ್ ದಿನ ಹೋಗಿ ನೋಡಿದರೆ ಮೊದಲು ಒಂದೂವರೆ ಗಂಟೆ ಬ್ಯಾಲೆ ಕ್ಲಾಸು, ಅದರ ಬೆನ್ನಿಗೇ ಒಂದು ಗಂಟೆ ಮಾಡರ್ನ್ ಇಲ್ಲವೇ ಕಂಟೆಂಪರರಿ. ಸೋಲೊ ಬರುವುದು ಕಟ್ಟಕಡೆಗೆ, ಅದೂ ಒಂದೂವರೆ ನಿಮಿಷ. ಕೆಲವು ಕಡೆ ಅಲ್ಲಿಯವರೆಗೆ ತಲುಪುವ ಮುನ್ನವೇ ಒಂದಷ್ಟು ಜನರನ್ನು ಮನೆಗೆ ಕಳಿಸಿರುತ್ತಾರೆ. ಎದುರಿಗೆ ಮೇಜು ಹಾಕಿಕೊಂಡು ಕೂತ ಅಧ್ಯಾಪಕರು "ಈಕೆ ಎಷ್ಟು ಚೆನ್ನಾಗಿ ಕುಣಿಯುತ್ತಾಳೆ" ಎಂದಷ್ಟೇ ನೋಡುತ್ತಿದ್ದರೆ ವೀಡಿಯೊ ಸಾಕಿತ್ತು. ಅವರಿಗೆ ತಿಳಿಯಬೇಕಾದ್ದು ಈಕೆಗೆ ನಾವು ನಾಲ್ಕು ವರ್ಷ ಕಲಿಸಬಹುದೇ, ಕಲಿಸಿದರೆ ಮೈಗೆ ಹತ್ತುತ್ತದೆಯೇ ಎಂದು. ಇವತ್ತು ನಾನು ಹೇಳುವುದೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ಸುತ್ತುತ್ತದೆ.

ಮೊದಲು ಡಿಗ್ರಿಯ ಹೆಸರು ನೋಡೋಣ. ಬಿ.ಎಫ್.ಎ. (ಲಲಿತಕಲೆಯ ಪದವಿ) ಎಂದರೆ ಒಟ್ಟು ಕ್ರೆಡಿಟ್‌ಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ನೃತ್ಯಕ್ಕೇ ಹೋಗುತ್ತದೆ. ಬೆಳಿಗ್ಗೆ ಟೆಕ್ನಿಕ್ ಕ್ಲಾಸು, ಸಂಜೆ ರಿಹರ್ಸಲ್, ನಡುವೆ ಸಿಕ್ಕ ಹೊತ್ತಿನಲ್ಲಿ ಇಂಗ್ಲಿಷು, ಗಣಿತ. ಬಿ.ಎ.ನಲ್ಲಿ ನೃತ್ಯದ ಪಾಲು ಅದಕ್ಕಿಂತ ಎಷ್ಟೋ ಕಡಿಮೆ. ಜೊತೆಗೆ ಜೀವಶಾಸ್ತ್ರವನ್ನೋ ಅರ್ಥಶಾಸ್ತ್ರವನ್ನೋ ಎರಡನೇ ಮೇಜರ್ (ಮುಖ್ಯ ವಿಷಯ) ಆಗಿ ಓದಲು ಜಾಗ ಇರುತ್ತದೆ. ಮುಂದೆ ಫಿಸಿಯೋಥೆರಪಿ ಓದುವ ಆಸೆ ಇದ್ದು ಬಿ.ಎಫ್.ಎ. ಸೇರಿದರೆ ಲ್ಯಾಬ್ ಹೊತ್ತಿಗೂ ರಿಹರ್ಸಲ್ ಹೊತ್ತಿಗೂ ಮೊದಲ ಸೆಮಿಸ್ಟರಿನಲ್ಲೇ ಜಗಳ ಶುರು. ಬಿ.ಎ. ಎಂದರೆ ಎರಡನೇ ದರ್ಜೆ ಎಂದು ತಂದೆತಾಯಂದಿರು ಮೂಗು ಮುರಿಯುವುದುಂಟು. ಆ ಲೆಕ್ಕ ತಪ್ಪು. ಬಹಳಷ್ಟು ಬಿ.ಎ. ಕಡೆ ಪ್ರವೇಶಕ್ಕೆ ಆಡಿಷನ್ನೇ ಇರುವುದಿಲ್ಲ, ಸೇರಿದ ಮೇಲೆ ಯಾವ ಮಟ್ಟದ ಕ್ಲಾಸು ಎಂದು ನೋಡುತ್ತಾರೆ. ಅಂಥ ಎರಡಾದರೂ ನಿಮ್ಮ ಪಟ್ಟಿಯಲ್ಲಿರಲಿ.

ನೃತ್ಯದ ಡಿಗ್ರಿ ಎಂಬ ಒಂದೇ ಹೆಸರಿನ ಕೆಳಗೆ ಅಜಗಜಾಂತರ ಇರುತ್ತದೆ ಎಂಬುದೂ ಗೊತ್ತಿರಲಿ. ಇಂಡಿಯಾನಾ ವಿಶ್ವವಿದ್ಯಾಲಯದ ಜೇಕಬ್ಸ್ ಸಂಗೀತ ಶಾಲೆಯದ್ದು ಅಪ್ಪಟ ಬ್ಯಾಲೆ. ಯೂಟಾ ವಿಶ್ವವಿದ್ಯಾಲಯದಲ್ಲಿ ಬ್ಯಾಲೆಗೇ ಬೇರೆ ಬಿ.ಎಫ್.ಎ., ಮಾಡರ್ನ್‌ಗೇ ಬೇರೆ. ಬಟ್ಲರ್‌ನಲ್ಲಿ ಪ್ರದರ್ಶನಕ್ಕೆ ಒಂದು ಡಿಗ್ರಿ, ಬೋಧನೆಗೆ ಒಂದು, ಕಲಾ ಆಡಳಿತಕ್ಕೆ ಇನ್ನೊಂದು. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕೌಫ್‌ಮನ್ ಶಾಲೆ 2015ರಲ್ಲಿ ಮೊದಲ ತಂಡವನ್ನು ಸೇರಿಸಿಕೊಂಡಿತು. ಅಲ್ಲಿ ಹಿಪ್‌ಹಾಪ್ ಕೂಡ ಬ್ಯಾಲೆಯ ಪಕ್ಕದಲ್ಲಿ ಕೂರುವ ಪಾಠ. ನ್ಯೂಯಾರ್ಕ್‌ನಲ್ಲಿ ಏಲಿ ನೃತ್ಯ ಶಾಲೆ ಮತ್ತು ಫೋರ್ಡಮ್ ವಿಶ್ವವಿದ್ಯಾಲಯ ಸೇರಿ 1998ರಿಂದ ಒಂದು ಬಿ.ಎಫ್.ಎ. ನಡೆಸುತ್ತಿವೆ. ಅಲ್ಲಿ ಓದಿನ ಅರ್ಜಿಯನ್ನು ಫೋರ್ಡಮ್ ನೋಡುತ್ತದೆ, ಕುಣಿತವನ್ನು ಏಲಿ ನೋಡುತ್ತದೆ, ಎರಡೂ ಕಡೆ ಹೂಂ ಎಂದರಷ್ಟೇ ಸೀಟು. ಹಾಗಾಗಿ ಕಾಲೇಜಿನ ಹೆಸರಿಗಿಂತ ಮೊದಲು ಆ ವಿಭಾಗದ ಮೊದಲ ವರ್ಷದ ವಾರದ ವೇಳಾಪಟ್ಟಿ ಕೇಳಿ ತರಿಸಿಕೊಳ್ಳಿ. ವಾರಕ್ಕೆ ಎಷ್ಟು ಬ್ಯಾಲೆ, ಎಷ್ಟು ಮಾಡರ್ನ್, ಬೆರಳ ತುದಿಯ ಮೇಲೆ ನಿಲ್ಲುವ ಪಾಯಿಂಟ್ ಶೂ ಕಡ್ಡಾಯವೇ? ಆ ಒಂದು ಹಾಳೆಯಲ್ಲಿ ಇರುವಷ್ಟು ಸತ್ಯ ಬಣ್ಣದ ಬ್ರೋಷರಿನಲ್ಲಿ ಇರುವುದಿಲ್ಲ.

ಇಲ್ಲಿ ಸ್ವಲ್ಪ ದಾರಿ ತಪ್ಪುತ್ತೇನೆ. ಅಮೆರಿಕದ ವಿಶ್ವವಿದ್ಯಾಲಯವೊಂದರಲ್ಲಿ ನೃತ್ಯ ಮೊದಲ ಬಾರಿಗೆ ಮೇಜರ್ ಆಗಿದ್ದು 1926ರಲ್ಲಿ, ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿ. ಅದನ್ನು ಕಟ್ಟಿದ ಮಾರ್ಗರೆಟ್ ಎಚ್‌ಡೌಬ್ಲರ್ ನರ್ತಕಿಯಲ್ಲ, ಹುಡುಗಿಯರಿಗೆ ಬ್ಯಾಸ್ಕೆಟ್‌ಬಾಲ್ ಹೇಳಿಕೊಡುತ್ತಿದ್ದ ದೈಹಿಕ ಶಿಕ್ಷಣದ ಅಧ್ಯಾಪಕಿ. ಅಂದರೆ ನೃತ್ಯ ಕಾಲೇಜಿನೊಳಗೆ ಬಂದದ್ದು ರಂಗಮಂದಿರದ ಬಾಗಿಲಿನಿಂದಲ್ಲ, ಜಿಮ್ನೇಷಿಯಂ ಬಾಗಿಲಿನಿಂದ. ಆ ಗುರುತು ಇನ್ನೂ ಅಳಿಸಿಲ್ಲ. ನೃತ್ಯ ವಿಭಾಗ ಕೆಲವು ಕಡೆ ಲಲಿತಕಲೆಯ ಕೆಳಗಿದೆ, ಕೆಲವು ಕಡೆ ಸಂಗೀತ ಶಾಲೆಯ ಕೆಳಗೆ, ಇನ್ನು ಕೆಲವು ಕಡೆ ಶಿಕ್ಷಣ ಅಥವಾ ಆರೋಗ್ಯ ವಿಜ್ಞಾನದ ಕೆಳಗೆ. ಯಾವ ಡೀನ್ ಕೈಯಲ್ಲಿ ಹಣ ಇದೆ ಎಂಬುದರ ಮೇಲೆ ಪಾಠದ ಒಲವೂ ಇರುತ್ತದೆ. ನಿಮ್ಮ ಪಟ್ಟಿಯ ಕಾಲೇಜುಗಳಲ್ಲಿ ಅದನ್ನೂ ವಿಚಾರಿಸಿ.

ಇನ್ನೊಂದನ್ನೂ ವಿಚಾರಿಸಬೇಕು, ಕಾಲೇಜು ಗಟ್ಟಿಯಾಗಿದೆಯೇ ಎಂದು. ಫಿಲಡೆಲ್ಫಿಯಾದ ಯೂನಿವರ್ಸಿಟಿ ಆಫ್ ದಿ ಆರ್ಟ್ಸ್‌ಗೆ ಒಳ್ಳೆಯ ನೃತ್ಯ ಶಾಲೆ ಇತ್ತು. 2024ರ ಮೇ 31ರಂದು ಮುಚ್ಚುತ್ತೇವೆ ಎಂಬ ಸುದ್ದಿ ಬಂತು, ಜೂನ್ 7ರಂದು ಬಾಗಿಲು ಹಾಕಿತು. ಅಷ್ಟು ಹೊತ್ತಿಗೆ ಬೇರೆ ಕಾಲೇಜುಗಳಿಗೆ ಉತ್ತರ ಕೊಡುವ ಮಾಮೂಲಿ ಗಡುವು, ಮೇ 1, ದಾಟಿ ಒಂದು ತಿಂಗಳಾಗಿತ್ತು. ಸಣ್ಣ ಕಲಾ ಕಾಲೇಜಿಗೆ ಅರ್ಜಿ ಹಾಕುವಾಗ ಅದರ ಮಾನ್ಯತೆಯ ಸ್ಥಿತಿ ಏನು, ಕೆಲವು ವರ್ಷಗಳಿಂದ ವಿದ್ಯಾರ್ಥಿಗಳ ಸಂಖ್ಯೆ ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ನೋಡುವುದು ಅತಿಯಾಯಿತು ಅನ್ನಿಸಬಾರದು.

ಕ್ಯಾಲೆಂಡರ್ ವಿಷಯ ಬೇಗ ಮುಗಿಸುತ್ತೇನೆ. 11ನೇ ತರಗತಿಯ ಕೊನೆಗೆ ಎಂಟು ಹತ್ತು ಕಾಲೇಜುಗಳ ಪಟ್ಟಿ ಸಿದ್ಧವಾಗಿರಬೇಕು. ಬೇಸಿಗೆಯಲ್ಲಿ ವೀಡಿಯೊ. ಆಗಸ್ಟ್ 1ಕ್ಕೆ ಹಲವು ಕಾಲೇಜುಗಳಿಗೆ ಒಂದೇ ಅರ್ಜಿಯಾದ ಕಾಮನ್ ಆ್ಯಪ್ ತೆರೆಯುತ್ತದೆ, ಅದರಲ್ಲಿ ಗರಿಷ್ಠ 20 ಕಾಲೇಜು, ಪ್ರಬಂಧ 650 ಪದ ಮೀರುವಂತಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕ್ಯಾಂಪಸ್‌ಗಳಿಗೆ ಅರ್ಜಿಯೇ ಬೇರೆ, ನವೆಂಬರ್ ಮುಗಿಯುವ ಹೊತ್ತಿಗೆ ಅದು ಮುಚ್ಚುತ್ತದೆ. ವೀಡಿಯೊ ಕಳಿಸುವ ಗಡುವು ಬಹಳಷ್ಟು ಕಡೆ ಅಕ್ಟೋಬರ್‌ನಿಂದ ಡಿಸೆಂಬರ್ ಒಳಗೆ, ಆಡಿಷನ್‌ಗಳು ಫೆಬ್ರವರಿ ಕೊನೆಯವರೆಗೆ, ಉತ್ತರ ಮಾರ್ಚ್ ಕೊನೆಗೆ, ಎಲ್ಲಿ ಸೇರುತ್ತೀರಿ ಎಂದು ನೀವು ಹೇಳಬೇಕಾದ್ದು ಮೇ 1ಕ್ಕೆ. ಜನ ಎಡವುವುದು ಒಂದೇ ಕಡೆ. ಕಾಲೇಜಿನ ಗಡುವು ಒಂದು, ನೃತ್ಯ ವಿಭಾಗದ ಗಡುವು ಇನ್ನೊಂದು, ಮತ್ತು ಎರಡನೆಯದು ಎಷ್ಟೋ ಸಲ ಮೊದಲೇ ಬರುತ್ತದೆ. ಕಾಮನ್ ಆ್ಯಪ್‌ನಲ್ಲಿ ಕಳಿಸಿ ಕೈ ತೊಳೆದುಕೊಂಡವರು, ಕಲಾ ವಿಭಾಗಗಳ ಅರ್ಜಿ ತಾಣಗಳಾದ ಆ್ಯಕ್ಸೆಪ್ಟೆಡ್ ಅಥವಾ ಸ್ಲೈಡ್‌ರೂಮ್‌ನಲ್ಲಿ ಕಲಾ ಅರ್ಜಿ ಬೇರೆ ಇದೆ ಎಂದು ಜನವರಿಯಲ್ಲಿ ಕಂಡುಕೊಳ್ಳುತ್ತಾರೆ. ಅಷ್ಟರಲ್ಲಿ ಆಡಿಷನ್ ಜಾಗ ತುಂಬಿಹೋಗಿರುತ್ತದೆ. ನೃತ್ಯದ ವಿದ್ಯಾರ್ಥಿವೇತನದ ಹಣವನ್ನೂ ಕೆಲವು ವಿಭಾಗಗಳು ಮೊದಲ ಆಡಿಷನ್‌ಗಳಿಂದಲೇ ಹಂಚಲು ತೊಡಗುತ್ತವೆ, ಆದ್ದರಿಂದ ದಿನಾಂಕ ಆರಿಸುವ ಅವಕಾಶ ಇದ್ದರೆ ಮೊದಲಿನದನ್ನೇ ಆರಿಸಿ.

ವೀಡಿಯೊಗೆ ಬರೋಣ. ಎಷ್ಟೋ ಮಕ್ಕಳು ಸೋಲುವುದು ಕಾಲಿನಿಂದಲ್ಲ, ಕ್ಯಾಮೆರಾದಿಂದ. ಫೋನ್ ಅಡ್ಡ ಹಿಡಿಯಿರಿ, ಟ್ರೈಪಾಡ್ ಮೇಲೆ, ನೆಲದಿಂದ ಸುಮಾರು ಒಂದು ಮೀಟರ್ ಎತ್ತರದಲ್ಲಿ. ತಲೆಯ ಮೇಲಿನಿಂದ ಕಾಲ್ಬೆರಳ ತುದಿಯವರೆಗೆ ಯಾವ ಕ್ಷಣದಲ್ಲೂ ಚೌಕಟ್ಟಿನಿಂದ ಹೊರಗೆ ಹೋಗಬಾರದು. ಪಾದ ಕತ್ತರಿಸಿಹೋದ ಬ್ಯಾಲೆ ವೀಡಿಯೊ ಮುಖ ಇಲ್ಲದ ಪಾಸ್‌ಪೋರ್ಟ್ ಫೋಟೊ ಇದ್ದ ಹಾಗೆ. ಕಿಟಕಿ ನಿಮ್ಮ ಹಿಂದಿದ್ದರೆ ನೀವು ಕಪ್ಪು ನೆರಳಾಗಿ ಕಾಣುತ್ತೀರಿ, ಬೆಳಕು ಕ್ಯಾಮೆರಾ ಹಿಂದಿನಿಂದ ಬರಲಿ. ಬಾರ್ ಅಭ್ಯಾಸಗಳನ್ನು, ಅಂದರೆ ಕಂಬಿ ಹಿಡಿದು ಮಾಡುವುದನ್ನು, ಪಕ್ಕದಿಂದ ಹಿಡಿಯಿರಿ, ಬೆನ್ನು, ಸೊಂಟ, ಮೊಣಕಾಲಿನ ಗೆರೆ ಕಾಣುವುದು ಆಗಲೇ. ಕಂಬಿ ಬಿಟ್ಟು ಮಾಡುವ ಸೆಂಟರ್ ಮಾತ್ರ ಎದುರಿನಿಂದ. ಮೈಗಂಟುವ ಕಪ್ಪು ಲಿಯೊಟಾರ್ಡ್ ತೊಟ್ಟು ಕಪ್ಪು ಪರದೆಯ ಮುಂದೆ ನಿಲ್ಲಬೇಡಿ. ಒಂದು ಅಭ್ಯಾಸದ ನಡುವೆ ಕತ್ತರಿ ಹಾಕಬೇಡಿ, ಕತ್ತರಿಸಿದ ಜಾಗದಲ್ಲಿ ಏನೋ ಮುಚ್ಚಿಟ್ಟಿದ್ದಾರೆ ಎಂದೇ ನೋಡುವವರಿಗೆ ಅನ್ನಿಸುತ್ತದೆ. ನಿಧಾನ ಚಲನೆ, ಫಿಲ್ಟರ್, ಮೇಲೆ ಹಾಡು ಅಂಟಿಸುವುದು ಯಾವುದೂ ಬೇಡ, ಕೋಣೆಯಲ್ಲಿ ಕೇಳುವ ಸಂಗೀತವೇ ಸಾಕು.

ಯೂಟ್ಯೂಬ್ ಕೊಂಡಿ ಕೇಳಿದ್ದರೆ ಎರಡು ಎಚ್ಚರಿಕೆ. 'ಪ್ರೈವೇಟ್' ಎಂದು ಇಟ್ಟರೆ ಕೊಂಡಿ ಕಳಿಸಿದರೂ ಅವರಿಗೆ ತೆರೆಯುವುದಿಲ್ಲ, 'ಅನ್‌ಲಿಸ್ಟೆಡ್' ಎಂದಿಡಬೇಕು. ಇನ್ನೊಂದು, ಹೆಸರಾಂತ ಹಾಡಿಗೆ ಸೋಲೊ ಮಾಡಿದ್ದರೆ ಹಕ್ಕುಸ್ವಾಮ್ಯದ ಕಾರಣಕ್ಕೆ ಅದರ ಧ್ವನಿ ಅಡಗಬಹುದು, ಇಡೀ ವೀಡಿಯೊವೇ ನಿಲ್ಲಬಹುದು. ಏರಿಸಿದ ಮರುದಿನ ಇನ್ನೊಬ್ಬರ ಫೋನಿನಲ್ಲಿ, ನಿಮ್ಮ ಖಾತೆಗೆ ಲಾಗಿನ್ ಆಗದೆ, ಒಮ್ಮೆ ತೆರೆದು ನೋಡಿ. ಗಡುವಿನ ರಾತ್ರಿ ಹನ್ನೊಂದೂವರೆಗೆ ಏರಿಸುವವರಿಗೆ ಈ ಪರೀಕ್ಷೆಗೆ ಹೊತ್ತೇ ಇರುವುದಿಲ್ಲ.

ರೆಸ್ಯೂಮೆ ಒಂದೇ ಪುಟ. ಎತ್ತರ ಬರೆಯಿರಿ, ತೂಕ ಬೇಡ. ಯಾವ ವರ್ಷದಿಂದ ಯಾವ ವರ್ಷದವರೆಗೆ, ಯಾರ ಬಳಿ, ಯಾವ ಪ್ರಕಾರ, ವಾರಕ್ಕೆ ಎಷ್ಟು ಗಂಟೆ ಎಂಬುದು ಮೇಲ್ಗಡೆ ಇರಲಿ. ಸ್ಪರ್ಧೆಯ ಟ್ರೋಫಿಗಳ ಪಟ್ಟಿ ಕೆಳಗಿರಲಿ, ಚಿಕ್ಕದಾಗಿರಲಿ. ಕಲಿಸುವವರಿಗೆ ಮುಖ್ಯವಾಗುವುದು ಆ ವಾರದ ಗಂಟೆಗಳು. ನೃತ್ಯದ ಫೋಟೊ ಕೇಳಿದರೆ ಒಂದು ಕಾಲ ಮೇಲೆ ನಿಂತು ಇನ್ನೊಂದನ್ನು ಹಿಂದಕ್ಕೆ ಎತ್ತಿದ ಅರಾಬೆಸ್ಕ್ ಅಥವಾ ಕಾಲು ಪಕ್ಕಕ್ಕೆ ಚಾಚಿದ ಸರಳ ತಾಂದು ಸಾಕು. ಗಾಳಿಯಲ್ಲಿ ಹಾರಿದ ಚಿತ್ರ ಕಣ್ಣಿಗೆ ಚೆಂದ, ಆದರೆ ನಿಂತ ಕಾಲಿನ ಮಂಡಿ ಹೇಗಿದೆ ಎಂದು ಅದರಲ್ಲಿ ತಿಳಿಯುವುದಿಲ್ಲ.

ಈಗ ಆಡಿಷನ್ ದಿನ. ನಲವತ್ತೈದು ನಿಮಿಷ ಮುಂಚೆ ತಲುಪಿ. ಹೆಸರು ಬರೆಸಿದ ಕೂಡಲೇ ಒಂದು ಸಂಖ್ಯೆ ಕೊಡುತ್ತಾರೆ, ಕಾಗದದ್ದು, ಅಂಗೈ ಅಗಲ. ಎರಡು ಪಿನ್ ಹಾಕಿ ಸಿಕ್ಕಿಸಿಕೊಂಡವರದ್ದು ಬ್ಯಾಲೆ ಮುಗಿಯುವವರೆಗೆ ನಿಲ್ಲುತ್ತದೆ, ಮಾಡರ್ನ್‌ನಲ್ಲಿ ನೆಲದ ಮೇಲೆ ಮೊದಲ ಸಲ ಹೊರಳಿದಾಗಲೇ ಹರಿದುಬರುತ್ತದೆ. ಆಮೇಲೆ ಒಂದು ಕೈಯಲ್ಲಿ ಅದನ್ನು ಒತ್ತಿಹಿಡಿದು ಕುಣಿಯುವುದು. ಒಳ್ಳೆಯ ಜಿಗಿತ ಕಂಡ ಅಧ್ಯಾಪಕರು ಸಂಖ್ಯೆ ಬರೆದುಕೊಳ್ಳಲು ತಲೆ ಎತ್ತಿದಾಗ ಎದೆ ಮೇಲೆ ಸಂಖ್ಯೆಯೇ ಇಲ್ಲ. ನಾಲ್ಕು ಮೂಲೆಗೂ ನಾಲ್ಕು ಪಿನ್ ಹಾಕಿ, ಪಿನ್ನಿನ ಡಬ್ಬಿ ಮನೆಯಿಂದಲೇ ತನ್ನಿ. ಬ್ಯಾಲೆಗೆ ಒಂದೇ ಬಣ್ಣದ ಲಿಯೊಟಾರ್ಡ್, ಟೈಟ್ಸ್, ಬಿಗಿದು ಕಟ್ಟಿದ ಕೂದಲು. ಅಡಿಭಾಗದಲ್ಲಿ ತೆರಪು ಇರುವ ಟೈಟ್ಸ್ ಆದರೆ ಮಾಡರ್ನ್ ಬಂದಾಗ ಹಿಂದಕ್ಕೆ ಮಡಚಿ ಬರಿಗಾಲು ಮಾಡಿಕೊಳ್ಳಬಹುದು, ಬಟ್ಟೆ ಬದಲಿಸಲು ಐದೇ ನಿಮಿಷ ಕೊಡುವ ಕಡೆ ಇದು ದೊಡ್ಡ ಉಪಕಾರ. ಕಾಯುವ ಹೊತ್ತಿನಲ್ಲಿ ಸ್ಪ್ಲಿಟ್‌ನಲ್ಲಿ ಕೂತು ಫೋನ್ ನೋಡಬೇಡಿ. ಹಾಗೆ ಬಹಳ ಹೊತ್ತು ಎಳೆದುಕೊಂಡು ಕೂತ ಸ್ನಾಯು ಜಿಗಿಯುವ ಶಕ್ತಿಯನ್ನು ಸ್ವಲ್ಪ ಹೊತ್ತು ಕಳೆದುಕೊಳ್ಳುತ್ತದೆ. ನಡೆದಾಡಿ, ಬೆನ್ನು ಬಿಸಿ ಮಾಡಿ, ಮೆಲ್ಲಗೆ ಪ್ಲಿಯೆ (ಮಂಡಿ ಬಗ್ಗಿಸಿ ಏಳುವುದು) ಮಾಡಿ.

ಕ್ಲಾಸಿನಲ್ಲಿ ಅವರು ಏನು ನೋಡುತ್ತಾರೆ? ಟರ್ನ್‌ಔಟ್ (ಕಾಲು ಹೊರಕ್ಕೆ ತಿರುಗುವುದು) ಸೊಂಟದ ಕೀಲಿನಿಂದ ಬರುತ್ತಿದೆಯೋ ಪಾದವನ್ನಷ್ಟೇ ತಿರುಚಿದ್ದಾರೋ, ಅದು ಮೊದಲ ಪ್ಲಿಯೆಯಲ್ಲೇ ಬಯಲಾಗುತ್ತದೆ: ಮಂಡಿ ಒಂದು ಕಡೆ, ಕಾಲ್ಬೆರಳು ಒಂದು ಕಡೆ. ಅದರ ನಂತರ ನೋಡುವುದು ತಿದ್ದುಪಡಿಯನ್ನು. ಕಲಿಸುವವರು ನಿಮ್ಮ ಪಕ್ಕದ ಹುಡುಗಿಗೆ "ಭುಜ ಇಳಿಸು" ಎನ್ನುತ್ತಾರೆ. ಇಡೀ ಸಾಲಿನಲ್ಲಿ ಯಾರ ಭುಜ ಇಳಿಯಿತು ಎಂದು ಮೇಜಿನ ಹಿಂದಿನವರು ಗಮನಿಸುತ್ತಿರುತ್ತಾರೆ. ನಿಮಗೇ ಹೇಳಿದ್ದನ್ನು ಆ ಕ್ಷಣ ಮಾಡಿ, ಎರಡು ಅಭ್ಯಾಸ ಕಳೆದ ಮೇಲೆ ಮರೆತಿದ್ದೂ ಕಾಣುತ್ತದೆ. ಒಂದು ಗುಂಪು ಕುಣಿಯುವಾಗ ಉಳಿದವರು ಗೋಡೆಗೆ ಒರಗಿ ನಿಂತಿದ್ದಾರೋ, ಹಿಂದೆ ನಿಂತು ಹೆಜ್ಜೆಗಳನ್ನು ಸಣ್ಣದಾಗಿ ಮಾಡಿಕೊಳ್ಳುತ್ತಿದ್ದಾರೋ, ಅದನ್ನೂ ಬಿಡುವುದಿಲ್ಲ.

ಹೊಸ ಫ್ರೇಸ್ (ಹೆಜ್ಜೆಗಳ ಒಂದು ಸರಣಿ) ಕಲಿಸಿದಾಗ ಮಕ್ಕಳು ಕೈಗಳನ್ನು ನೋಡುತ್ತಾರೆ, ಕೈ ಚೆಂದವಾಗಿ ಕಾಣುತ್ತದಲ್ಲ. ಮೊದಲ ಸಲ ಕಾಲಷ್ಟೇ ನೋಡಿ, ಭಾರ ಯಾವ ಕಾಲಿನಿಂದ ಯಾವ ಕಾಲಿಗೆ ಹೋಯಿತು ಎಂದು. ಎರಡನೇ ಸಲ ದಿಕ್ಕು, ಮೂರನೇ ಸಲ ಕೈ. ಭಾರ ಸರಿಯಿದ್ದರೆ ಕೈ ತಪ್ಪಿದರೂ ಫ್ರೇಸ್ ಮುಂದೆ ಸಾಗುತ್ತದೆ, ಭಾರ ತಪ್ಪಿದರೆ ಅಲ್ಲಿಗೇ ನಿಂತಿತು. ಇನ್ನು ಬಲಗಡೆ ಕಲಿಸಿ "ಈಗ ಎಡಗಡೆ" ಎನ್ನುತ್ತಾರೆ, ಮತ್ತೆ ತೋರಿಸುವುದಿಲ್ಲ. ಆಡಿಷನ್‌ಗೆ ಸಿದ್ಧವಾಗುವುದೆಂದರೆ ದಿನಾ ಸೋಲೊ ಹತ್ತು ಸಲ ಮಾಡುವುದು ಎಂದುಕೊಂಡಿದ್ದರೆ ಅದರಲ್ಲಿ ಎಂಟು ಸಲ ಬಿಡಿ. ಆ ಹೊತ್ತಿನಲ್ಲಿ ಗೊತ್ತಿಲ್ಲದ 32 ಎಣಿಕೆಯ ಒಂದು ಫ್ರೇಸ್ ತೆಗೆದುಕೊಂಡು, ಮೂರು ಸಲ ನೋಡಿ ಕಲಿತು, ಎರಡು ನಿಮಿಷದಲ್ಲಿ ಎಡಕ್ಕೆ ತಿರುಗಿಸಿ. ಒಂದೇ ತಿಂಗಳಲ್ಲಿ ವ್ಯತ್ಯಾಸ ಕಾಣುತ್ತದೆ. ತಪ್ಪಿದರೆ ಮುಖ ಹಿಂಡಬೇಡಿ, ನಾಲಿಗೆ ಕಚ್ಚಬೇಡಿ. ಹೆಜ್ಜೆ ತಪ್ಪಿದ್ದನ್ನು ಕಾಣದವರಿಗೂ ಮುಖ ನೋಡಿ ಗೊತ್ತಾಗುತ್ತದೆ.

ಸೋಲೊ ಬಗ್ಗೆ ಕಡಿಮೆ ಹೇಳಿದರೆ ಸಾಕು, ಆದರೂ ಕೆಲವು ಮಾತು ಬೇಕು. 60ರಿಂದ 90 ಸೆಕೆಂಡು ಎಂದು ಬರೆದಿದ್ದರೆ 91ನೆಯ ಸೆಕೆಂಡಿಗೆ ಸಂಗೀತ ನಿಲ್ಲಿಸುತ್ತಾರೆ, ನಿಮ್ಮ ಒಳ್ಳೆಯ ಭಾಗ ಕೊನೆಯಲ್ಲಿದ್ದರೆ ಅದು ಯಾರಿಗೂ ಕಾಣದೆ ಹೋಯಿತು. ಮೊದಲ ಹತ್ತು ಸೆಕೆಂಡು ಬೆನ್ನು ತಿರುಗಿಸಿ ನಿಂತು ವಾತಾವರಣ ಕಟ್ಟುವಷ್ಟು ಬಿಡುವು ಇಲ್ಲಿಲ್ಲ. ಒಂಟಿಕಾಲಿನ ಮೂರು ಶುದ್ಧ ಸುತ್ತು (ಪಿರುಯೆಟ್) ಬರುವವರು ಆರಕ್ಕೆ ಕೈ ಹಾಕಿ, ನಿಂತ ಕಾಲಿನ ಹಿಮ್ಮಡಿ ಇಳಿದು, ಕುಪ್ಪಳಿಸಿ ಕುಪ್ಪಳಿಸಿ ಮುಗಿಸುವುದನ್ನು ಎಲ್ಲ ಆಡಿಷನ್‌ನಲ್ಲೂ ನೋಡಬಹುದು. ಸ್ಪರ್ಧೆಯ ಮಿನುಗುವ ಉಡುಪು ಬೇಡ. ಸಂಗೀತ ಫೋನಿಗೆ ಇಳಿಸಿಕೊಂಡಿರಲಿ, ಇಂಟರ್ನೆಟ್ ನಂಬಬೇಡಿ. ಪೆನ್‌ಡ್ರೈವಿನಲ್ಲಿ ಇನ್ನೊಂದು ಪ್ರತಿ ಇರಲಿ, ಫೋನ್ ಏರ್‌ಪ್ಲೇನ್ ಮೋಡ್‌ನಲ್ಲಿರಲಿ. ನಿಧಾನಗತಿಯ ಅಡಾಜಿಯೊ ನಡುವೆ ಅಮ್ಮನ ಕರೆ ಬಂದರೆ ಕೋಣೆಯಲ್ಲಿ ನಗು ಏಳುತ್ತದೆ, ನಿಮ್ಮ ಉಸಿರು ಮಾತ್ರ ಮತ್ತೆ ಕೂರುವುದಿಲ್ಲ.

ಇಲ್ಲಿ ಭರತನಾಟ್ಯ ಕಲಿತವರು ಹಲವರು ಕೂತಿದ್ದೀರಿ. ಹತ್ತು ವರ್ಷದ ಅಭ್ಯಾಸವನ್ನು ಬಚ್ಚಿಟ್ಟು ಮೂರು ತಿಂಗಳ ಕಂಟೆಂಪರರಿಯಲ್ಲಿ ಸೋಲೊ ಮಾಡಬೇಡಿ, ಪ್ರಕಾರ ನಿಮ್ಮ ಆಯ್ಕೆ ಎಂದಿದ್ದರೆ ನಿಮ್ಮದನ್ನೇ ಮಾಡಿ. ದೀರ್ಘ ರಚನೆಯಾದ ವರ್ಣದ ಒಂದು ತುಂಡನ್ನು ಕತ್ತರಿಸಿದರೆ ಅವರಿಗೆ ತಲೆಬುಡ ತಿಳಿಯದು. ತಿಲ್ಲಾನದಿಂದ, ಜಾಗ ತುಂಬ ಓಡಾಡುವ ಅಡವುಗಳಿರುವ ಒಂದೂವರೆ ನಿಮಿಷ ಎತ್ತಿಕೊಳ್ಳಿ, ಕೊನೆಗೆ ಪೂರ್ತಿ ತೀರ್ಮಾನ (ತಾಳಕ್ಕೆ ಕೂಡಿ ಮುಗಿಯುವ ಅಡವುಗಳ ಸರಣಿ) ಇರಲಿ. ಸ್ಟುಡಿಯೊದ ನೆಲ ಕೆಳಗೆ ಪುಟಿಯುವ ಮರ, ಮೇಲೆ ವಿನೈಲ್ ಹಾಸು. ತಟ್ಟಿದ ಸದ್ದು ಅಲ್ಲಿ ಮಂಕಾಗುತ್ತದೆ, ಅದಕ್ಕೆಂದು ಇನ್ನೂ ಜೋರಾಗಿ ತಟ್ಟಿ ಮಂಡಿ ಕೆಡಿಸಿಕೊಳ್ಳಬೇಡಿ. ಗೆಜ್ಜೆ ಕಟ್ಟಬಹುದೇ ಎಂದು ಮೊದಲೇ ಕೇಳಿ.

ಬ್ಯಾಲೆ ಕ್ಲಾಸಿನಲ್ಲಿ ನಿಮಗೆ ಎದುರಾಗುವ ತೊಡಕು ಬೇರೆ. ಅರಮಂಡಿಯಲ್ಲಿ, ಅಂದರೆ ಮಂಡಿ ಅರ್ಧ ಮಡಚಿ, ಕೂತು ಅಲ್ಲೇ ಉಳಿಯುವುದು ನಮ್ಮ ಶಿಸ್ತು. ಪ್ಲಿಯೆ ಎಂದರೆ ಇಳಿಯುತ್ತಲೇ ಏಳಲು ಹೊರಡುವುದು, ಅದು ಜಿಗಿತದ ಸ್ಪ್ರಿಂಗು. ಅರಮಂಡಿಯ ಅಭ್ಯಾಸ ಇದ್ದವರು ಪ್ಲಿಯೆಯ ತಳದಲ್ಲಿ ಒಂದು ಕ್ಷಣ ನಿಂತುಬಿಡುತ್ತಾರೆ, ಚಿಕ್ಕ ಚುರುಕು ಜಿಗಿತಗಳ ಪೆಟಿ ಅಲೆಗ್ರೊದಲ್ಲಿ ಸಂಗೀತಕ್ಕಿಂತ ಹಿಂದೆ ಬೀಳುವುದು ಅದಕ್ಕೇ. ಜೊತೆಗೆ ಪಾದ ಚಾಚುವುದು ನಮ್ಮಲ್ಲಿ ವಿರಳ. ಆಡಿಷನ್‌ಗೆ ಮೊದಲು ಕನಿಷ್ಠ ಒಂದು ವರ್ಷ, ವಾರಕ್ಕೆ ಮೂರು ಬ್ಯಾಲೆ ಕ್ಲಾಸು ಮಾಡಿದ್ದರೆ ಇವೆರಡು ಹತೋಟಿಗೆ ಬರುತ್ತವೆ. ಇಷ್ಟೆಲ್ಲ ಬೇಡ ಎನ್ನುವವರಿಗೆ ಬೇರೆ ದಾರಿಗಳಿವೆ. ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ವಿಭಾಗದ ಹೆಸರೇ ವರ್ಲ್ಡ್ ಆರ್ಟ್ಸ್ ಆ್ಯಂಡ್ ಕಲ್ಚರ್ಸ್, ಡ್ಯಾನ್ಸ್. ಕನೆಕ್ಟಿಕಟ್‌ನ ವೆಸ್ಲಿಯನ್‌ನಲ್ಲಿ 1960ರ ದಶಕದಲ್ಲಿ ಸ್ವತಃ ಬಾಲಸರಸ್ವತಿ ಕಲಿಸಿದ್ದರು, ಭರತನಾಟ್ಯ ಅಲ್ಲಿನ ನೃತ್ಯ ವಿಭಾಗಕ್ಕೆ ಹೊರಗಿನ ವಸ್ತುವಲ್ಲ.

ಇಂಪ್ರೊವೈಸೇಶನ್ (ಆ ಕ್ಷಣಕ್ಕೆ ಹೊಳೆದಂತೆ ಕುಣಿಯುವುದು) ಮಾಡಿ ಎಂದಾಗ ಸೋಲೊದ ಹೆಜ್ಜೆಗಳನ್ನೇ ಕಲಸಿ ಬಡಿಸುವುದು ಸಾಮಾನ್ಯ ತಪ್ಪು. "ಮೊಣಕೈಯಿಂದ ಶುರು ಮಾಡಿ" ಎಂದರೆ ಮೊಣಕೈಯಿಂದಲೇ ಶುರು ಮಾಡಿ. ನಿಲ್ಲುವುದೂ ಒಂದು ಆಯ್ಕೆ. ಕನ್ನಡಿ ನೋಡಬೇಡಿ.

ಸಂದರ್ಶನದಲ್ಲಿ "ನಮ್ಮ ವಿಭಾಗವೇ ಯಾಕೆ" ಎಂದು ಕೇಳಿಯೇ ಕೇಳುತ್ತಾರೆ. ತರಿಸಿಕೊಂಡ ಆ ವೇಳಾಪಟ್ಟಿ ಇಲ್ಲಿ ಕೆಲಸಕ್ಕೆ ಬರುತ್ತದೆ. ನೀವೂ ಕೇಳಿ: ಮೊದಲ ವರ್ಷದವರಿಗೆ ವೇದಿಕೆ ಸಿಗುತ್ತದೆಯೇ? ಎರಡನೇ ವರ್ಷದ ಕೊನೆಗೆ ಮೌಲ್ಯಮಾಪನ ಮಾಡಿ ಹೊರಗೆ ಕಳಿಸುವ ಪದ್ಧತಿ ಇದೆಯೇ? ಗಾಯವಾದರೆ ನೋಡುವವರು ಯಾರು? ಐದು ವರ್ಷದ ಹಿಂದೆ ಮುಗಿಸಿದವರು ಈಗ ಏನು ಮಾಡುತ್ತಿದ್ದಾರೆ? ಕೊನೆಯ ಪ್ರಶ್ನೆಗೆ ಒಬ್ಬಿಬ್ಬರು ತಾರೆಯರ ಹೆಸರಷ್ಟೇ ಹೇಳಿದರೆ, ಉಳಿದವರ ಬಗ್ಗೆ ಇನ್ನೊಮ್ಮೆ ಕೇಳಿ. ನಿಮಗೇ ಗಾಯವಾಗಿದ್ದರೆ ಮುಚ್ಚಿಟ್ಟು ಕುಣಿಯಬೇಡಿ. ಮುಂಚೆಯೇ ನೃತ್ಯ ಕಚೇರಿಗೆ ಬರೆದು ಇನ್ನೊಂದು ದಿನಾಂಕವನ್ನೋ ವೀಡಿಯೊ ಅವಕಾಶವನ್ನೋ ಕೇಳಿ.

ಹಣದ ಮಾತು. ವಿದ್ಯಾರ್ಥಿವೇತನದ ಪತ್ರ ಬಂದಾಗ ಮೊತ್ತ ನೋಡಿ ಹಿಗ್ಗುವ ಮೊದಲು ಅದು ಒಂದು ವರ್ಷಕ್ಕೋ ನಾಲ್ಕು ವರ್ಷಕ್ಕೋ, ಯಾವ ಅಂಕ ಉಳಿಸಿಕೊಂಡರೆ ಮುಂದುವರಿಯುತ್ತದೆ ಎಂದು ಓದಿ. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಆ ರಾಜ್ಯದವರಿಗೆ ಒಂದು ಶುಲ್ಕ, ಹೊರಗಿನವರಿಗೆ ಅದಕ್ಕಿಂತ ಬಹಳ ಹೆಚ್ಚು. ಅಮೆರಿಕದ ನಾಗರಿಕರು, ಗ್ರೀನ್ ಕಾರ್ಡ್ ಇರುವವರು ಫ್ಯಾಫ್ಸಾ (ಸರ್ಕಾರಿ ನೆರವಿನ ಅರ್ಜಿ) ತುಂಬಬೇಕು, ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಬರುವವರಿಗೆ ಆ ಬಾಗಿಲು ಇಲ್ಲ. ಅವರು ವೀಸಾಕ್ಕೆ ಬೇಕಾದ ಕಾಲೇಜಿನ ಪತ್ರ ಐ-20 ಪಡೆಯಲು ಮೊದಲ ವರ್ಷದ ಪೂರ್ತಿ ಖರ್ಚಿಗೆ ಹಣ ಇದೆಯೆಂದು ತೋರಿಸಬೇಕು. ಓದು ಮುಗಿದ ಮೇಲೆ ಕೆಲಸ ಮಾಡಲು ಸಿಗುವುದು 12 ತಿಂಗಳು. ಎಂಜಿನಿಯರಿಂಗ್ ಓದಿದವರಿಗೆ ಸಿಗುವ ಹೆಚ್ಚಿನ 24 ತಿಂಗಳು ನೃತ್ಯಕ್ಕೆ ಇಲ್ಲ. ಇದನ್ನು ಸಾಲ ತೆಗೆಯುವ ಮುಂಚೆ ಲೆಕ್ಕಕ್ಕೆ ಹಿಡಿಯಬೇಕು, ತೆಗೆದ ಮೇಲಲ್ಲ.

ನ್ಯೂಯಾರ್ಕ್‌ನ ಹೆಸರಾಂತ ಕಲಾ ಶಾಲೆ ಜೂಲಿಯಾರ್ಡ್ ನೃತ್ಯಕ್ಕೆಂದು ವರ್ಷಕ್ಕೆ ಸೇರಿಸಿಕೊಳ್ಳುವುದು ಸುಮಾರು 24 ಜನರನ್ನು. ಇಷ್ಟು ಸಣ್ಣ ತರಗತಿಯಲ್ಲಿ ಒಂದು ಇಲ್ಲ ಎಂಬ ಉತ್ತರದಿಂದ ನಿಮ್ಮ ಕುಣಿತದ ಬಗ್ಗೆ ಏನೂ ತಿಳಿಯುವುದಿಲ್ಲ. ವೇಟ್‌ಲಿಸ್ಟ್ ಎಂದು ಬಂದರೆ ಇನ್ನೂ ಆಸಕ್ತಿ ಇದೆ ಎಂದು ನಾಲ್ಕು ಸಾಲು ಬರೆಯಿರಿ, ಮೇ 1ರೊಳಗೆ ಕೈಲಿರುವ ಒಳ್ಳೆಯ ಸೀಟನ್ನು ಮಾತ್ರ ಬಿಡಬೇಡಿ.

ಸೀಟು ಸಿಕ್ಕಿತು ಎಂದುಕೊಳ್ಳಿ. ಆಗಸ್ಟ್‌ನಲ್ಲಿ ಪಾಠ ಶುರುವಾಗುವ ವಾರ ಬಹಳಷ್ಟು ವಿಭಾಗಗಳಲ್ಲಿ ಪ್ಲೇಸ್‌ಮೆಂಟ್ ಕ್ಲಾಸು ಇರುತ್ತದೆ, ಯಾರು ಯಾವ ಮಟ್ಟಕ್ಕೆ ಎಂದು ಹಂಚಲು. ಅದರ ಬೆನ್ನಿಗೆ ಶರತ್ಕಾಲದ ಪ್ರದರ್ಶನಕ್ಕೆ ಆಯ್ಕೆ. ಎರಡೂ ಕಡೆ ಬಾಗಿಲಲ್ಲಿ ಒಬ್ಬರು ಮೇಜು ಹಾಕಿಕೊಂಡು ಕೂತಿರುತ್ತಾರೆ, ಮುಂದೆ ಕಾಗದದ ಸಂಖ್ಯೆಗಳ ಕಟ್ಟು. ಆ ಪಿನ್ನಿನ ಡಬ್ಬಿ ಎಸೆಯಬೇಡಿ.